ತಗ್ಗು ತಗಿ ಅಂದರೆ

ನನ್ನ ಮೊಮ್ಮಗಳು ಏಳನೇ ಇಯತ್ತೆಯಲ್ಲೇ ಕೂಡುತ್ತಾಳೆ! ಆರಕ್ಕೆ ಇಳಿಸುವುದಿಲ್ಲ, ಇನ್ನು ಇಳಿಸುವ ಮಾತೇ ಇಲ್ಲ. ಹತ್ತು ಲೆಕ್ಕ ಕೊಟ್ಟಿದ್ದರು, ಹತ್ತೂ ಸರಿ. ಹತ್ತೂ!

ಮೊನ್ನೆ ಶನಿವಾರ ಮಧ್ಯಾಹ್ನ ಬೆಳಗಾವಿಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಜಿಗಿಯುತ್ತ ಬಂದು, ಉತ್ತರದ ಹಾಳೆಯನ್ನು ನನ್ನ ಮೂಗಿನ ಮುಂದೆ ಹಿಡಿದಳು. ನಾನು ಆಗ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಕೈ ತೊಳೆಯುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅದೇ ಕೈಯಲ್ಲಿ ಅವಳ ಗಲ್ಲ ಹಿಡಿದು ಮುದ್ದು ಕೊಟ್ಟೆ. "ಆಯಿ, ಉರೀತೈತಿ, ಉರೀತೈತಿ!" ಎಂದು ಕುಣಿದಳು. ಉರಿಗೆ ಕುಣಿದಳೋ ಖುಷಿಗೆ ಕುಣಿದಳೋ, ನಾನಂತೂ ಅವಳ ಜೊತೆ ಕುಣಿದೆ. ಕೆಳಗಿನ ಮನೆಯಾಕೆ ಗಾಬರಿಯಾಗಿ, "ಯಾರರೆ ಬಿದ್ರೇನ್ರೀ?" ಎಂದು ಕೂಗಿದಳು.

"ಬಿದ್ದಿಲ್ಲರೀ, ಎದ್ದಾಳ!" ಎಂದೆ ನಾನು.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಯಾವ ಆರು, ಯಾವ ಏಳು ಎಂದು ತಿಳಿಯುವುದಿಲ್ಲ.

ನಮ್ಮದು ಖಾನಾಪುರ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಹತ್ತಿರ ಇದ್ದದ್ದು ಮರಾಠಿ ಶಾಲೆ, ಹಾಗಾಗಿ ಮೊಮ್ಮಕ್ಕಳಿಬ್ಬರೂ ಅಲ್ಲೇ ಕಲಿತರು. ಮಗ ಬೆಳಗಾವಿಯಲ್ಲಿ ಬಸ್ಸು ಓಡಿಸುತ್ತಾನೆ. ಈ ವರ್ಷ ಸೊಸೆಗೂ ಅಲ್ಲೇ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಊರೊಳಗಿನ ಅನಗೋಳ ಬಡಾವಣೆಯಲ್ಲಿ ಮನೆ ಹಿಡಿದರು, ಹುಡುಗಿಯರನ್ನು ಕನ್ನಡ ಶಾಲೆಗೆ ಹಾಕಿದರು. ದೊಡ್ಡವಳು ಏಳನೆಯದಕ್ಕೆ, ಸಣ್ಣವಳು ಆರನೆಯದಕ್ಕೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಸೋಮವಾರದಿಂದ ಶನಿವಾರದ ತನಕ ನಾನು ಬೆಳಗಾವಿಯಲ್ಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಹುಡುಗಿಯರನ್ನು ಕರೆದುಕೊಂಡು ರೈಲಿನಲ್ಲಿ ಖಾನಾಪುರಕ್ಕೆ. ಅಲ್ಲಿ ನಮ್ಮ ಯಜಮಾನರು ಪೇಟೆಯಲ್ಲಿ ಕೂತು ಛತ್ರಿ ಮತ್ತು ಬೀಗ ರಿಪೇರಿ ಮಾಡುತ್ತಾರೆ. ಖಾನಾಪುರದ ಮಳೆಗಾಲದಲ್ಲಿ ಛತ್ರಿ ರಿಪೇರಿಯವರು ಊರು ಬಿಟ್ಟು ಬರುವುದುಂಟೆ?

ಶಾಲೆಗೆ ಸೇರಿಸುವ ದಿನವೇ ಗಣಿತದ ಬಾಯಿಯವರು ಒಂದು ಮಾತು ಹೇಳಿದ್ದರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಬಾಯಿಯವರು ಎನ್ನುತ್ತೇವೆ.

"ಮರಾಠಿ ಸಾಲಿಯಿಂದ ಬಂದಾಳ, ಕನ್ನಡದಾಗ ಗಣಿತ ಆದೀತೋ ಇಲ್ಲೋ ನೋಡಬೇಕ್ರಿ. ಮೊದಲನೇ ಪಾಠ ಪೂರ್ಣಾಂಕ. ಅದರ ಪರೀಕ್ಷಾದಾಗ ಹತ್ತರಾಗ ಎಂಟು ಸರಿ ಆದ್ರ ಏಳರಾಗ ಇರ್ಲಿ. ಇಲ್ಲಂದ್ರ ಈ ವರ್ಷ ಆರರಾಗ ಕೂಡಸ್ತೀವಿ, ಪಾಯಾ ಗಟ್ಟಿ ಆಗ್ಲಿ."

ಅಂದರೆ ತಂಗಿಯ ವರ್ಗದಲ್ಲಿ! ಸಣ್ಣವಳು ಅದನ್ನು ಕೇಳಿದ್ದೇ ತಡ, ಮನೆಗೆ ಬರುವ ದಾರಿಯುದ್ದಕ್ಕೂ ಹಾಡಿದಳು: "ಅಕ್ಕಾ, ನನ್ನ ಬಾಜೂಕ ಜಾಗಾ ಹಿಡದು ಇಡ್ತೀನಿ. ಕಿಡಕಿ ಕಡೆ ನಾನು, ಒಳಗ ನೀನು!" ಸಣ್ಣವಳಿಗೆ ಅದು ಚೇಷ್ಟೆ. ದೊಡ್ಡವಳಿಗೆ ಜೀವ ಹೋದಂತಾಯಿತು. ಆವತ್ತು ಅರ್ಧ ರೊಟ್ಟಿ ತಿಂದು ಎದ್ದಳು. ಮರುದಿನವೂ ಅಷ್ಟೇ.

ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ಪಾಠ ಓದಿಸಿಕೊಂಡು ಕೇಳಲು ಕೂತೆ. ಅವಳು ಓದಿದಳು: "ಧನ ಪೂರ್ಣಾಂಕಗಳು, ಋಣ ಪೂರ್ಣಾಂಕಗಳು."

"ದನಾ ಎಣಸಾಕ ಏಳನೇತ್ತ ಯಾಕ ಬೇಕು? ನಾ ಮೂರನೇತ್ತದಾಗ ಎಣಸ್ತಿದ್ದೆ" ಎಂದೆ.

"ಆಯಿ, ದನ ಅಲ್ಲ, ಧನ. ಸೊನ್ನೆಗಿಂತ ಹೆಚ್ಚು ಇದ್ದದ್ದು ಧನ. ಸೊನ್ನೆಗಿಂತ ಕಡಿಮಿ ಇದ್ದದ್ದು ಋಣ. ಮರಾಠಿ ಸಾಲ್ಯಾಗ ಇದಕ್ಕ ಉಣೆ ಅಂತಿದ್ರು."

"ಉಣ್ಣೂದು ಬಿಟ್ಟು ಕುಂತೀದಿ, ಬಾಯಾಗ ಮಾತ್ರ ಉಣೆ" ಎಂದು ಬೈದೆ. ಆದರೆ ನನಗೂ ತಲೆಗೆ ಹತ್ತಲಿಲ್ಲ. ಸೊನ್ನೆ ಅಂದರೆ ಏನೂ ಇಲ್ಲ. ಏನೂ ಇಲ್ಲ ಎನ್ನುವುದಕ್ಕಿಂತ ಕಡಿಮೆ ಹೇಗೆ ಇದ್ದೀತು? ಹೊಸ ಶಾಲೆಯ ಗೆಳತಿಯರು ಅವಳಿಗೆ ಒಂದು ಮಂತ್ರ ಕಲಿಸಿದ್ದರು: ಮೈನಸ್ ಮೈನಸ್ ಪ್ಲಸ್. ಅವಳು ಆ ಮಂತ್ರವನ್ನು ಕಂಡ ಕಂಡಲ್ಲಿ ಊದುತ್ತಿದ್ದಳು. ಋಣ ಮೂರಕ್ಕೆ ಋಣ ನಾಲ್ಕು ಕೂಡಿಸು ಅಂದರೂ ಅದೇ ಮಂತ್ರ ಹೇಳಿ ಏಳು ಎಂದು ಬರೆದಳು. ಪುಸ್ತಕದ ಹಿಂದಿನ ಉತ್ತರ ನೋಡಿದರೆ ಋಣ ಏಳು. ಪೆನ್ಸಿಲ್ ಎಸೆದು ಅತ್ತಳು.

ಆ ಶನಿವಾರ ಖಾನಾಪುರದ ಮನೆಯ ಹಿತ್ತಲಿನಲ್ಲಿ ನಿಂತಿದ್ದಾಗ ನನಗೆ ಹೊಳೆಯಿತು. ನಾನು ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವಳು. ಮಣ್ಣು ಅಗೆಯುವುದು, ಬುಟ್ಟಿಗೆ ತುಂಬುವುದು, ಒಟ್ಟುವುದು, ಹನ್ನೊಂದು ವರ್ಷ ಅದೇ ಕೆಲಸ. ಏನೂ ಇಲ್ಲ ಎನ್ನುವುದಕ್ಕಿಂತ ಕಡಿಮೆ ಏನು ಎಂದು ನನ್ನ ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ!

"ಬಾರ ಇಲ್ಲೆ" ಎಂದು ಕರೆದು ನೆಲ ತೋರಿಸಿದೆ. "ಸಮ ನೆಲ, ಇದು ನಿನ್ನ ಸೊನ್ನಿ. ಇದರ ಮ್ಯಾಲೆ ಒಂದು ಚಿಪ್ಪು ಮಣ್ಣು ಸುರುವಿದ್ರ ಗುಡ್ಡಿ, ಅದು ನಿನ್ನ ಧನ. ಇದರಾಗಿಂದ ಒಂದು ಚಿಪ್ಪು ಮಣ್ಣು ತಗದು ಬೇಲಿ ಆಚೆ ಒಗದ್ರ ತಗ್ಗು. ಅದು ನಿನ್ನ ಋಣ."

ತೆಂಗಿನ ಚಿಪ್ಪು ಕೊಟ್ಟೆ. ಋಣ ಮೂರಕ್ಕೆ ಐದು ಕೂಡಿಸು ಅಂದೆ. ಮೂರು ತಗ್ಗು ತೋಡಿದಳು, ಬಾಜೂಕ ಐದು ಗುಡ್ಡಿ ಹಾಕಿದಳು. ಮೂರು ಗುಡ್ಡಿಗಳನ್ನು ಮೂರು ತಗ್ಗಿಗೆ ನೂಕಿದಳು. ನೆಲ ಸಮ ಆಯಿತು, ಎರಡು ಗುಡ್ಡಿ ಉಳಿದವು. ಅವಳ ಕಣ್ಣು ಅಗಲವಾಯಿತು. ಋಣ ಮೂರಕ್ಕೆ ಋಣ ನಾಲ್ಕು ಎಂದೆ. ಮೂರು ತಗ್ಗು, ಅದರ ಪಕ್ಕ ನಾಲ್ಕು ತಗ್ಗು. "ಏಳು ತಗ್ಗು! ಗುಡ್ಡಿ ಎಲ್ಲಿಂದ ಬರಬೇಕು, ಹುಚ್ಚಿ ನಾನು!" ಎಂದು ಹಣೆ ಬಡಿದುಕೊಂಡು ಮಣ್ಣು ಮೆತ್ತಿಕೊಂಡಳು. ಮೂರು ಗುಡ್ಡಿಯಲ್ಲಿ ಐದು ತಗಿ ಎಂದೆ. ಮೂರನ್ನು ತೆಗೆದಳು, ಗುಡ್ಡಿ ಮುಗಿಯಿತು, ಇನ್ನೂ ಎರಡು ತೆಗೆಯಬೇಕು. ಒಂದು ಕ್ಷಣ ನಿಂತು, ನೆಲವನ್ನೇ ಅಗೆದು ಎರಡು ಚಿಪ್ಪು ತೆಗೆದಳು. ಎರಡು ತಗ್ಗು. ಋಣ ಎರಡು. ನಾನು ಚಪ್ಪಾಳೆ ಹೊಡೆದೆ.

ಪೇಟೆಯಿಂದ ಬಂದ ಯಜಮಾನರು ಒಂದು ತಗ್ಗಿಗೆ ಕಾಲಿಟ್ಟು ಮುಗ್ಗರಿಸಿದರು. "ಏನಿದು ಹಿತ್ತಲ ತುಂಬ? ಹೆಗ್ಗಣ ಸೇರ್ಯಾವೇನು?"

"ಎರಡು ಹೆಗ್ಗಣ ಬೆಳಗಾವಿಯಿಂದ ಬಂದಾವ" ಎಂದಳು ಸಣ್ಣವಳು, ನಮ್ಮಿಬ್ಬರನ್ನೂ ತೋರಿಸುತ್ತ.

ಕೊನೆಗೆ ಪುಸ್ತಕದಲ್ಲಿ ಇನ್ನೊಂದು ಬಗೆಯ ಲೆಕ್ಕ ಬಂತು. ಎರಡರಿಂದ ಋಣ ಮೂರನ್ನು ಕಳೆಯಿರಿ. ಪುಸ್ತಕ ಕಳೆ ಎನ್ನುತ್ತದೆ, ನಾವು ಮನೆಯಲ್ಲಿ ತಗಿ ಎನ್ನುತ್ತೇವೆ. ಐದರಾಗ ಎರಡು ತಗಿ, ಮೂರು ಉಳೀತು, ಹೀಗೇ ನಾವು ಹುಟ್ಟಿದಾಗಿನಿಂದ ಹೇಳಿದ್ದು. ಆದ್ದರಿಂದ ನಾನು ಧೈರ್ಯವಾಗಿ ಹೇಳಿದೆ: "ಎರಡು ಗುಡ್ಡಿ ಇಡು. ಮೂರು ತಗ್ಗು ತಗಿ."

ತಗ್ಗು ತಗಿ ಎಂದರೆ ನಮ್ಮ ಸೀಮೆಯಲ್ಲಿ ಯಾವ ಮಗುವೂ ಏನು ಮಾಡುತ್ತದೆ? ಅಗೆಯುತ್ತದೆ. ಅವಳೂ ಅಗೆದಳು. ಎರಡು ಗುಡ್ಡಿ, ಮೂರು ತಗ್ಗು. ಎರಡು ಗುಡ್ಡಿ ನೂಕಿದ ಮೇಲೂ ಒಂದು ತಗ್ಗು ಉಳಿಯಿತು. ಋಣ ಒಂದು. ಪುಸ್ತಕದ ಹಿಂದೆ ಆ ಲೆಕ್ಕದ ಉತ್ತರ ಇದ್ದ ಹಾಳೆ ಹರಿದಿತ್ತು. ನಮಗೆ ಸಂಶಯವೇ ಬರಲಿಲ್ಲ. ಅದೇ ಥರದ ಐದಾರು ಲೆಕ್ಕ ಮಾಡಿ, ಕೈಕಾಲು ತೊಳೆದುಕೊಂಡು, ಗೆದ್ದವರ ಹಾಗೆ ಒಳಗೆ ಹೋದೆವು.

ಪರೀಕ್ಷೆ ಆಯಿತು. ಹತ್ತರಲ್ಲಿ ಐದು ತಪ್ಪು. ಬಾಯಿಯವರು ಮನೆಯ ಹಿರಿಯರನ್ನು ಕರೆಸಿದರು. ಮಗ ಬಸ್ಸಿನ ಮೇಲೆ, ಸೊಸೆ ಕಾರ್ಖಾನೆಯಲ್ಲಿ. ಹೋದವಳು ನಾನು.

"ಕುಂದರ್ರಿ ಆಯಿ" ಎಂದು ಬಾಯಿಯವರು ಹಾಳೆ ತೋರಿಸಿದರು. "ಕೂಡಿಸೂ ಲೆಕ್ಕ ಎಲ್ಲಾ ಸರಿ ಅದಾವ. ಋಣ ಸಂಖ್ಯೆ ಕಳೀರಿ ಅಂದಲ್ಲೆಲ್ಲಾ ತಪ್ಪು. ತಪ್ಪು ಆದ್ರೂ ನೋಡ್ರಿ, ಐದೂ ಒಂದ ನಮೂನಿ ತಪ್ಪು. ಗೊತ್ತಿಲ್ಲದ ಹುಡುಗಿ ಹಿಂಗ ತಪ್ಪು ಮಾಡೂದಿಲ್ಲ. ಯಾರೋ ಕಲಿಸ್ಯಾರ. ಎರಡರಾಗ ಋಣ ಮೂರು ಕಳದ್ರ ಐದು ಬರಬೇಕು. ಇಕಿ ಋಣ ಒಂದು ಬರದಾಳ."

"ಸರೀನ ಐತಲ್ಲರೀ?" ಎಂದುಬಿಟ್ಟೆ.

ಬಾಯಿಯವರು ನನ್ನ ಮುಖ ನೋಡಿದರು. ಮೊಮ್ಮಗಳು ನೆಲ ನೋಡಿದಳು. ಯಾರು ಕಲಿಸಿದ್ದು ಎಂದು ಆ ಕೋಣೆಯಲ್ಲಿ ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಆಕೆ ಒಳ್ಳೆಯ ಹೆಣ್ಣುಮಗಳು, ನಗಲಿಲ್ಲ. "ಮುಂದಿನ ಶುಕ್ರವಾರ ಮತ್ತ ಹತ್ತು ಲೆಕ್ಕ ಕೊಡ್ತೀನ್ರಿ. ಅದ ಕಡೀದು. ಆಮ್ಯಾಲೆ ನನ್ನ ಕೈಯಾಗಿಲ್ಲ" ಎಂದರು.

ಹೊರಗೆ ಬಂದ ಮೇಲೆ ಮೊಮ್ಮಗಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ನೀ ಹೇಳಿದಂಗ ಬರದೆ ಆಯಿ" ಎಂದಳು, ಅಷ್ಟೇ. ಮೂರನೇ ಇಯತ್ತೆಯವಳು ಏಳನೆಯವಳಿಗೆ ಕಲಿಸಲು ಹೋಗಿ ಆರಕ್ಕೆ ಇಳಿಸಿದೆನಲ್ಲ!

ಆ ಶನಿವಾರ ಮೂವರೂ ರೈಲಿನಲ್ಲಿ ಖಾನಾಪುರಕ್ಕೆ ಹೊರಟಿದ್ದೆವು. ದೇಸೂರು ನಿಲ್ದಾಣದಲ್ಲಿ ಗಾಡಿ ನಿಂತಿತು, ಜೋರು ಮಳೆ. ಕಿಟಕಿಯ ಹೊರಗೆ ದಾರಿಯ ತಗ್ಗುಗಳಲ್ಲಿ ಕೆಂಪು ನೀರು ನಿಂತಿತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ಹಂಚಿನ ಕಾರ್ಖಾನೆಯ ಮುಕಾದಮನ ನೆನಪಾಯಿತು. ನೆನಪಾಗಿದ್ದೇ ಜೋರಾಗಿ ನಕ್ಕೆ. ಎದುರಿಗೆ ಕೂತಿದ್ದ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಆ ಮುಕಾದಮ ಕೊಲ್ಹಾಪುರದ ಕಡೆಯವನು. ನಮ್ಮ ಕೆಲಸದ ಮೇಲ್ವಿಚಾರಣೆಗೆ ಹೊಸದಾಗಿ ಬಂದಿದ್ದ, ಕನ್ನಡ ಅರೆಬರೆ. ಹಸಿ ಹಂಚು ಒಣಗಿಸುವ ಅಂಗಳದಲ್ಲಿ ಅಲ್ಲಲ್ಲಿ ತಗ್ಗು ಬಿದ್ದಿದ್ದವು. ಅವು ಇರಬಾರದು ಎಂದು ಅವನ ಮನಸ್ಸಿನಲ್ಲಿ. ಬಾಯಲ್ಲಿ ಬಂದದ್ದು, "ಸಂಜೀ ಒಳಗ ಈ ಅಂಗಳದಾಗಿನ ತಗ್ಗು ಎಲ್ಲಾ ತಗೀರಿ." ಹೇಳಿ ಹೋದ. ನಾವು ಎಂಟು ಹೆಂಗಸರು ಸೆರಗು ಕಟ್ಟಿ ನಿಂತೆವು. ಇದ್ದ ತಗ್ಗನ್ನು ಇನ್ನೂ ಆಳ ಮಾಡಿದೆವು, ಸಾಲದು ಎಂದು ಹೊಸ ತಗ್ಗು ತೆಗೆದೆವು. ಸಂಜೆ ಬಂದವನು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. "ತಗೀರಿ ಅಂದಿದ್ದೆ!" ಎಂದ. ನಮ್ಮಲ್ಲಿ ಒಬ್ಬಳು, "ತಗದೀವಲ್ಲರೀ ಸಾಹೇಬರ. ಇನ್ನೂ ಬೇಕಂದ್ರ ನಾಳೆ ತಗೀತೀವಿ" ಎಂದಳು. ಮರುದಿನ ಅವನು ಬಾಯಿಬಿಟ್ಟು ಒಂದೂ ಮಾತಾಡಲಿಲ್ಲ, ಕೈಯಿಂದ ಮಾಡಿ ತೋರಿಸಿದ: ಮಣ್ಣು ತಂದು ಹಾಕಿ, ಮುಚ್ಚಿ.

ನಾನು ಮೊಮ್ಮಗಳ ತೋಳು ಹಿಡಿದು ಅಲುಗಾಡಿಸಿದೆ. "ಏ ಯವ್ವಾ! ತಪ್ಪು ನಿಂದೂ ಅಲ್ಲ, ಲೆಕ್ಕದ್ದೂ ಅಲ್ಲ, ನನ್ನ ನಾಲಗೀದು! ಗುಡ್ಡಿ ತಗಿ ಅಂದ್ರ ಗುಡ್ಡಿ ಹೋಗತೈತಿ. ತಗ್ಗು ತಗಿ ಅಂದ್ರ ತಗ್ಗು ಬರತೈತಿ. ನಮ್ಮ ಮಾತ ಹಂಗೈತಿ. ನಿಮ್ಮ ಬಾಯಾರು ಹೇಳೂದು ತಗ್ಗು ಇಲ್ಲದಂಗ ಮಾಡು ಅಂತ. ತಗಿಯೂದಲ್ಲ, ಮುಚ್ಚೂದು!"

"ಮುಚ್ಚಬೇಕಂದ್ರ ಮಣ್ಣು ಹಾಕಬೇಕು" ಎಂದಳು ಮೆಲ್ಲಗೆ. "ಮಣ್ಣು ಹಾಕೂದಂದ್ರ ಕೂಡಿಸೂದು. ಆಯಿ... ಅದಕ್ಕ ಹೆಚ್ಚಾಗೂದು!"

ಖಾನಾಪುರದಲ್ಲಿ ಇಳಿದಾಗ ಮಳೆ ನಿಂತಿರಲಿಲ್ಲ. ನಿಲ್ಲಲಿ ಎಂದು ಕಾಯುವವರು ಯಾರು? ಚಹಾ ಕೂಡ ಕುಡಿಯದೆ ಹಿತ್ತಲಿಗೆ ನಡೆದೆವು. ಯಜಮಾನರನ್ನು ಎಬ್ಬಿಸಿ ತಂದು ನಮ್ಮ ಮೇಲೆ ಛತ್ರಿ ಹಿಡಿಸಿದೆ.

"ಇದು ಗಿರಾಕಿ ಛತ್ರಿ, ಎರಡು ಕಡ್ಡಿ ಮುರದಾವ" ಎಂದರು ಅವರು.

"ಉಳಿದ ಕಡ್ಡೀಲೆ ಹಿಡೀರಿ. ನಿಮ್ಮ ಮೊಮ್ಮಗಳ ವರ್ಷದ ಪ್ರಶ್ನೆ ಐತಿ."

ಹಳೆಯ ತಗ್ಗು ಗುಡ್ಡಿಗಳನ್ನು ಮಳೆ ಅಳಿಸಿಹಾಕಿತ್ತು, ಹೊಸದಾಗಿ ಎರಡು ಗುಡ್ಡಿ ಇಟ್ಟೆವು. ಈಗ ಮೂರು ತಗ್ಗು ಮುಚ್ಚು ಎಂದೆ. ಅವಳು ಚಿಪ್ಪು ಹಿಡಿದು ಸುತ್ತಲೂ ನೋಡಿದಳು. "ತಗ್ಗ ಇಲ್ಲಲ್ಲ ಆಯಿ. ಎರಡು ಗುಡ್ಡಿ ಅಷ್ಟ ಅದಾವ. ಯಾವುದನ್ನ ಮುಚ್ಚಲಿ?"

ರೈಲಿನಲ್ಲಿ ಇದು ಹೊಳೆದಿರಲಿಲ್ಲ.

"ಇಲ್ಲದ ತಗ್ಗು ಹೆಂಗ ಮುಚ್ಚತೀರಿ?" ಎಂದರು ಯಜಮಾನರು ಛತ್ರಿಯ ಕೆಳಗಿನಿಂದ. "ಇಲ್ಲದ ಛತ್ರಿ ನಾ ರಿಪೇರಿ ಮಾಡಿದಂಗ ಆತು."

"ನೀವು ಸುಮ್ಮನಿರ್ರಿ, ಹಿಡಿಯೂದು ಹಿಡೀರಿ" ಎಂದೆ. ಆದರೆ ಅವರು ಹೇಳಿದ್ದು ಖರೆಯೇ ಇತ್ತು. ಮಳೆನೀರು ನನ್ನ ಬೆನ್ನಿಗೆ ಇಳಿಯುತ್ತಿತ್ತು.

ಮೊಮ್ಮಗಳು ಕುಕ್ಕರಗಾಲಲ್ಲಿ ಕೂತಳು. ಆಮೇಲೆ ಚಿಪ್ಪಿನಿಂದ ಒಂದು ತಗ್ಗು ತೋಡಿದಳು. ತೋಡಿದ ಮಣ್ಣನ್ನು ಈ ಸಲ ಬೇಲಿಯಾಚೆ ಒಗೆಯಲಿಲ್ಲ, ಅದರ ಬಗಲಲ್ಲೇ ಗುಡ್ಡಿ ಹಾಕಿದಳು. ಇನ್ನೊಂದು. ಮತ್ತೊಂದು. ಮೂರು ತಗ್ಗು, ಬಗಲಲ್ಲಿ ಮೂರು ಗುಡ್ಡಿ.

"ಆಯಿ, ಈಗ ನಮ್ಮ ಹಿತ್ತಲದಾಗ ಮಣ್ಣು ಹೆಚ್ಚಾತೇನು?"

"ಇಲ್ಲ. ಇದ್ದದ್ದ ಐತಿ, ಜಾಗಾ ಬದಲಾಗೈತಿ."

"ಕಡಿಮಿ ಆತೇನು?"

"ಎಲ್ಲಿ ಕಡಿಮಿ? ಹೊರಗ ಒಗದೇ ಇಲ್ಲಲ್ಲ."

"ಅಂದ್ರ ಇನ್ನೂ ನನ್ನ ಲೆಕ್ಕ ಎರಡ ಐತಿ. ಆದ್ರ ಈಗ ಮುಚ್ಚಾಕ ತಗ್ಗು ಸಿಕ್ಕಾವ!" ಅವಳ ಧ್ವನಿ ಮೇಲೇರಿತ್ತು. ಬಗಲಿನ ಗುಡ್ಡಿಗೆ ಕೈ ಹಾಕಿದವಳು ತಟ್ಟನೆ ನಿಂತಳು. "ಇದನ್ನ ಹಾಕಿದ್ರ ತಗ್ಗೂ ಹೋತು, ಗುಡ್ಡೀನೂ ಹೋತು. ಬರೇ ತಗ್ಗು ಹೋಗಬೇಕು." ಎದ್ದು ಮಳೆಯಲ್ಲೇ ಓಡಿ, ಬೇಲಿಯಾಚೆಯಿಂದ ಒಂದೊಂದಾಗಿ ಮೂರು ಚಿಪ್ಪು ಮಣ್ಣು ತಂದು ಮೂರು ತಗ್ಗು ಮುಚ್ಚಿದಳು. ಅಂಗೈಯಿಂದ ಬಡಿದು ಸಮ ಮಾಡಿದಳು. ಮೊದಲಿನ ಎರಡು ಗುಡ್ಡಿ, ತಗ್ಗಿನ ಬಗಲಿನ ಮೂರು ಗುಡ್ಡಿ.

"ಐದು!" ಎಂದು ಚೀರಿದಳು. "ಐದು ಆಯಿ! ಬಾಯಾರು ಹೇಳಿದ್ದ ಐದು!"

ಇದನ್ನು ನಾನು ಕಲಿಸಲಿಲ್ಲ. ನಾನು ಹನ್ನೊಂದು ವರ್ಷ ಮಣ್ಣು ಹೊತ್ತವಳು, ತಗ್ಗಿನ ಬಗಲಲ್ಲಿ ಗುಡ್ಡಿ ಹುಟ್ಟುವುದನ್ನು ದಿನಾ ನೋಡಿದವಳು, ಅದು ಲೆಕ್ಕ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅವಳೇ ಕಂಡುಕೊಂಡಳು, ನನ್ನ ಕಣ್ಣೆದುರಿಗೆ, ಮುರಿದ ಛತ್ರಿಯ ಕೆಳಗೆ. ನನಗೆ ಅಳು ಬಂತು. ಮಳೆಯಲ್ಲಿ ಯಾರಿಗೂ ಕಾಣಲಿಲ್ಲ, ಒಳ್ಳೆಯದಾಯಿತು.

ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಬೆಳಗಾವಿಯ ಬಾಡಿಗೆ ಮನೆಗೆ ಹಿತ್ತಲು ಎಲ್ಲಿದೆ, ಎರಡನೇ ಅಂತಸ್ತು ಅದು. ಪರಾತದಲ್ಲಿ ಜೋಳದ ಹಿಟ್ಟು ಹರಡಿ, ಬೆರಳಿನಿಂದ ತಗ್ಗು ಮಾಡಿ, ಚಿವುಟಿ ಗುಡ್ಡಿ ಮಾಡಿ ಲೆಕ್ಕ ಕಲಿತೆವು. ಸೊಸೆ ಕೆಲಸದಿಂದ ಬಂದು, "ಅತ್ತಿ, ರೊಟ್ಟಿ ಹಿಟ್ಟಿನ ಮ್ಯಾಗ ಇದೇನ್ರೀ ರಂಗೋಲಿ?" ಎಂದು ಕೇಳಿದಳು. "ಋಣ ನಾಕರಾಗ ಋಣ ಆರು ಹೋದ್ರ ಎಷ್ಟು ಹೇಳು, ಆಮ್ಯಾಲೆ ರೊಟ್ಟಿ" ಎಂದೆ. ಅವಳು ಬೆರಳು ಮಡಿಚುತ್ತ ನಿಂತಿದ್ದಾಗ ಮೊಮ್ಮಗಳು ಒಲೆಯ ಹತ್ತಿರದಿಂದಲೇ, ಹಿಟ್ಟು ಮುಟ್ಟದೆ, "ನಾಕು ತಗ್ಗು ಮುಚ್ಚಿದ್ರೂ ಎರಡು ಮುಚ್ಚೂದು ಉಳೀತು. ಎರಡು ತೋಡಿ ಮುಚ್ಚಿದ್ರ ಬಗಲಾಗ ಎರಡು ಗುಡ್ಡಿ. ಧನ ಎರಡು!" ಎಂದಳು. ಲೆಕ್ಕ ಒಪ್ಪಿಸುವುದು ಸಣ್ಣವಳ ಕೆಲಸವಾಯಿತು. ಪುಸ್ತಕ ಹಿಡಿದು ಬಾಯಿಯವರ ಹಾಗೆ ಮೂಗೇರಿಸಿ ಕೇಳುತ್ತಿದ್ದಳು. ಅಕ್ಕ ತನ್ನ ವರ್ಗಕ್ಕೆ ಬರುವುದು ಬೇಡ ಎಂದು ಅವಳಿಗೂ ಅನ್ನಿಸಲು ಶುರುವಾಗಿತ್ತು ಎಂದು ನನ್ನ ಎಣಿಕೆ. ಕೇಳಿದರೆ ಒಪ್ಪುವುದಿಲ್ಲ: "ಕಿಡಕಿ ಜಾಗಾ ಕಸಗೊಂತಾಳಂತ ಅಷ್ಟ!"

ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೊರಟವಳು ಬಾಗಿಲಿನಿಂದ ತಿರುಗಿ, "ಮುಚ್ಚೂದು, ಹೌದಲ್ಲ ಆಯಿ?" ಎಂದು ಕೇಳಿದಳು. "ಮುಚ್ಚೂದು" ಎಂದೆ. ಆ ದಿನವೆಲ್ಲ ನನ್ನ ಕೈಯಿಂದ ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಶನಿವಾರ ತಂದ ಆ ಹಾಳೆಯನ್ನು ನಾನು ಎಷ್ಟು ಸಲ ನೋಡಿದೆನೋ. ಋಣ ಸಂಖ್ಯೆ ಕಳೆಯುವ ಪ್ರತಿ ಲೆಕ್ಕದ ಬಗಲಲ್ಲಿ ಅವಳು ಪೆನ್ಸಿಲ್ಲಿನಿಂದ ಸಣ್ಣದಾಗಿ "ಮುಚ್ಚು" ಎಂದು ಬರೆದುಕೊಂಡಿದ್ದಳು. ಬಾಯಿಯವರು ಉತ್ತರಕ್ಕೆ ಒಂದು, ಆ ಮಾತಿಗೆ ಒಂದು, ಎರಡೆರಡು ಸರಿ ಗುರುತು ಹಾಕಿದ್ದರು. ಏನಿದು ಮುಚ್ಚು ಎಂದು ಕೇಳಿ, ಇವಳ ಕೈಗೆ ಸುಣ್ಣದ ಕಡ್ಡಿ ಕೊಟ್ಟು ಹಲಗೆಯ ಮುಂದೆ ನಿಲ್ಲಿಸಿದರಂತೆ. ಏಳನೇ ಇಯತ್ತೆಯ ಅಷ್ಟೂ ಮಕ್ಕಳಿಗೆ ಇವಳು ತಗ್ಗು ಗುಡ್ಡಿ ಬರೆದು ತೋರಿಸಿದಳಂತೆ! ಕಡೆಗೆ ಬಾಯಿಯವರು, "ಹೋಗು, ನಿನ್ನ ಜಾಗಾದಾಗ ಕುಂದರು" ಎಂದರಂತೆ. ನಿನ್ನ ಜಾಗಾದಾಗ! ಆ ಮಾತನ್ನು ನನಗೆ ನಾಲ್ಕು ಸಲ ಹೇಳಿದಳು, ನಾನು ನಾಲ್ಕು ಸಲವೂ ಹೊಸದಾಗಿ ಕೇಳಿದೆ.

ಮಗ ಪಾಳಿ ಮುಗಿಸಿ ಕುಂದಾ ತಂದ. ಸೊಸೆ ಅರ್ಧ ದಿನಕ್ಕೇ ಬಂದಳು. ಎಲ್ಲರೂ ಒಂದೇ ರೈಲಿನಲ್ಲಿ ಖಾನಾಪುರಕ್ಕೆ ಬಂದೆವು. ಫೋನಿನಲ್ಲಿ ಸುದ್ದಿ ಕೇಳಿದ ಯಜಮಾನರು ಎಂದಿಗಿಂತ ಮುಂಚೆ ಅಂಗಡಿ ಮುಚ್ಚಿ, ಸಂತೆಯಿಂದ ಎಳೆಯ ಬದನೆಕಾಯಿ ತಂದು ಇಟ್ಟಿದ್ದರು. ನಾನು ಎಣ್ಣೆಗಾಯಿ ಮಾಡಿದೆ, ಸೊಸೆ ಹೋಳಿಗೆ ಲಟ್ಟಿಸಿದಳು, ಮಗ ಎಂದೂ ಇಲ್ಲದವನು ಕಾಯಿ ತುರಿದುಕೊಟ್ಟ. ಹೊತ್ತು ಮುಳುಗುವ ಮೊದಲೇ ಆರೂ ಜನ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ದೊಡ್ಡವಳು ಮೂರು ರೊಟ್ಟಿ ತಿಂದು ನಾಲ್ಕನೆಯದಕ್ಕೆ ಕೈ ಚಾಚಿದಳು. ಸಣ್ಣವಳು ಅಕ್ಕನ ಕುಂದಾಕ್ಕೆ ಬೆರಳು ಹಾಕಿ ಏಟು ತಿಂದಳು. ಯಜಮಾನರು ಇನ್ನೊಂದು ಹೋಳಿಗೆಗೆ ತುಪ್ಪ ಎಂದರು, ಸೊಸೆ ನನ್ನ ಕಡೆ ನೋಡಿದಳು. "ಹಾಕವ್ವಾ, ಇವತ್ತು ಹಾಕು" ಎಂದೆ. ಬಾಗಿಲ ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಎಲ್ಲರ ಬಾಯಿ ತುಂಬಿತ್ತು, ಆದರೂ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.